ಕಾಳಿನ ಗುಳಿಗೆಯಿಂದ ಏಳುವ ಫಾಸ್ಫೀನ್ ಅನಿಲ: ಗುಣಗಳು ಮತ್ತು ಅಪಾಯಗಳು

ಸುಗ್ಗಿ ಮುಗಿದು ಕಾಳು ಕಣದಿಂದ ಮನೆ ಸೇರಿದ ಕೆಲವೇ ತಿಂಗಳುಗಳಲ್ಲಿ ಸೊಂಡಿಲು ಹುಳು, ಕಾಳು ಕೊರೆಯುವ ದುಂಬಿ ಮುಂತಾದ ಕೀಟಗಳ ಕಾಟ ಆರಂಭವಾಗುತ್ತದೆ. ದೊಡ್ಡ ಉಗ್ರಾಣಗಳಲ್ಲಿ ಇವುಗಳ ಹತೋಟಿಗೆ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಉಪಯೋಗಿಸುತ್ತಾರೆ. ಇದನ್ನು ಕಂಡು ಕೆಲವು ರೈತರು ಹೇಗೋ ನಾಲ್ಕಾರು ಗುಳಿಗೆ ಸಂಪಾದಿಸಿ, ಮನೆಯ ಮೂಟೆಗಳ ನಡುವೆ ಇಡುವುದುಂಟು. ನೋಡಲು ಅದು ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯಂತೆ ಸಾಧುವಾಗಿ ಕಾಣುತ್ತದೆ. ಆದರೆ ಅದರಿಂದ ಹೊರಡುವ ಫಾಸ್ಫೀನ್ ಅನಿಲವು ಕಾಳಿನ ಹುಳುವನ್ನು ಕೊಲ್ಲುವಂತೆಯೇ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ಆದುದರಿಂದ ಈ ಅನಿಲದ ಗುಣಗಳನ್ನು ರೈತ ಬಾಂಧವರು ಮತ್ತು ವಿಸ್ತರಣಾ ಕಾರ್ಯಕರ್ತರು ಸರಿಯಾಗಿ ತಿಳಿದಿರುವುದು ಅತ್ಯವಶ್ಯಕ.

ಅನಿಲ ಹುಟ್ಟುವ ಬಗೆ

ಫಾಸ್ಫೀನ್ ಎಂಬುದು ರಂಜಕ ಮತ್ತು ಜಲಜನಕ ಸೇರಿ ಆದ ಅನಿಲ. ಇದಕ್ಕೆ ಬಣ್ಣವಿಲ್ಲ. ಗಾಳಿಗಿಂತ ಸ್ವಲ್ಪ ಭಾರ. ಫ್ರಾನ್ಸಿನ ಫಿಲಿಪ್ ಜೆಂಗೆಂಬ್ರ್ ಎಂಬ ವಿಜ್ಞಾನಿ 1783ರಲ್ಲಿ ಇದನ್ನು ಮೊದಲು ತಯಾರಿಸಿದನು. ಧಾನ್ಯದ ಕೀಟಗಳ ಮೇಲೆ ಇದರ ಬಳಕೆ 1930ರ ದಶಕದಲ್ಲಿ ಜರ್ಮನಿಯಲ್ಲಿ ಬೆಳೆಯಿತು.

ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಗೆ ಗಾಳಿಯ ತೇವ ತಗುಲಿದೊಡನೆ ರಾಸಾಯನಿಕ ಕ್ರಿಯೆ ಆರಂಭವಾಗಿ ಫಾಸ್ಫೀನ್ ಬಿಡುಗಡೆಯಾಗುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಅನಿಲ ಬರುತ್ತದೆ. ಬೂದುಬಣ್ಣದ ಪುಡಿ ಮಾತ್ರ ಉಳಿಯುತ್ತದೆ. ಬಿಸಿ ಮತ್ತು ತೇವ ಹೆಚ್ಚಿದಷ್ಟೂ ಅನಿಲ ಬೇಗ ಹೊರಡುತ್ತದೆ. ಇಲಿಗಳಿಗೆ ಇಡುವ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯೂ ಇದೇ ಕುಟುಂಬಕ್ಕೆ ಸೇರಿದ್ದು. ಅದು ಇಲಿಯ ಹೊಟ್ಟೆಯ ಆಮ್ಲದೊಡನೆ ಬೆರೆತು ಇದೇ ಅನಿಲವನ್ನು ಕೊಡುತ್ತದೆ.

ಕಿಡಿಯಿಲ್ಲದೆ ಹೊತ್ತುವ ಗುಣ

ಕೆಲವು ಅನಿಲಗಳು ಬೆಂಕಿಕಡ್ಡಿಯ ನೆರವಿಲ್ಲದೆ, ಗಾಳಿ ಸೋಕಿದ ಮಾತ್ರಕ್ಕೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಫಾಸ್ಫೀನ್ ಈ ಗುಂಪಿಗೆ ಸೇರಿದೆ. ಶುದ್ಧ ಫಾಸ್ಫೀನ್ ಸುಮಾರು 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಾನಾಗಿ ಹೊತ್ತಬಲ್ಲದು. ಅದರೊಡನೆ ಡೈಫಾಸ್ಫೀನ್ ಎಂಬ ಕಲ್ಮಶ ಸ್ವಲ್ಪ ಬೆರೆತಿದ್ದರೂ ಸಾಮಾನ್ಯ ಉಷ್ಣತೆಯಲ್ಲೇ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇಕಡಾ 1.8ನ್ನು ಮೀರಿದರೆ ಬೆಂಕಿ ಅಥವಾ ಸ್ಫೋಟದ ಅಪಾಯವಿದೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಗುಳಿಗೆಯಿಂದ ಬರುವ 1 ಗ್ರಾಂ ಅನಿಲವು ನಮ್ಮ ಹವೆಯಲ್ಲಿ ಸುಮಾರು 0.7 ಲೀಟರ್ ಜಾಗ ಹಿಡಿಯುತ್ತದೆ. 18 ಲೀಟರ್ ಸೀಮೆಎಣ್ಣೆ ಡಬ್ಬದಲ್ಲಿ ಒಂದೇ ಗುಳಿಗೆ ಇಟ್ಟು ಬಿಗಿಯಾಗಿ ಮುಚ್ಚಿದರೆ, ಅನಿಲವೆಲ್ಲ ಅಲ್ಲೇ ನಿಂತಾಗ ಅದರ ಪ್ರಮಾಣ ಶೇಕಡಾ 4ರ ಹತ್ತಿರ ಬರುತ್ತದೆ. ಇದು ಬೆಂಕಿಯ ಮಿತಿಗಿಂತ ಎರಡು ಪಟ್ಟು ಹೆಚ್ಚು. ಹಲವು ಗುಳಿಗೆಗಳನ್ನು ಒಂದೆಡೆ ರಾಶಿ ಹಾಕಿದರೂ, ಅವುಗಳ ಮೇಲೆ ನೀರು ಬಿದ್ದರೂ ಇದೇ ಅಪಾಯ. ಅನಿಲ ಒಮ್ಮೆಲೇ ಎದ್ದು, ಕ್ರಿಯೆಯ ಕಾವಿಗೆ ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ ತಯಾರಕರು ಗುಳಿಗೆಯಲ್ಲಿ ಅಮೋನಿಯಂ ಕಾರ್ಬಮೇಟ್ ಬೆರೆಸುತ್ತಾರೆ. ಅದರಿಂದ ಹೊರಡುವ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಬೆಂಕಿಯ ಅಪಾಯವನ್ನು ತಗ್ಗಿಸುತ್ತವೆ, ಆದರೆ ಇಲ್ಲವಾಗಿಸುವುದಿಲ್ಲ.

ಎಲೆಕ್ಟ್ರಾನಿಕ್ ಉಪಕರಣಗಳ ಸಿಲಿಕಾನ್ ಬಿಲ್ಲೆಗಳಿಗೆ ರಂಜಕ ಸೇರಿಸಲು ಕಾರ್ಖಾನೆಗಳಲ್ಲಿ ಇದೇ ಅನಿಲವನ್ನು ಬಳಸುತ್ತಾರೆ. ಅಲ್ಲಿ ಅದರ ಸಿಲಿಂಡರುಗಳನ್ನು ಗಾಳಿ ಸೆಳೆಯುವ ವಿಶೇಷ ಬೀರುಗಳಲ್ಲಿಟ್ಟು, ಸೋರಿಕೆಯನ್ನು ತಿಳಿಸುವ ಯಂತ್ರಗಳಿಂದ ಹಗಲಿರುಳು ಕಾಯುತ್ತಾರೆ. ಅಂಥ ಅನಿಲವನ್ನು ಮಲಗುವ ಕೋಣೆಯಲ್ಲಿ ಎಬ್ಬಿಸುವುದು ಎಷ್ಟು ಅಪಾಯವೆಂದು ಬೇರೆ ಹೇಳಬೇಕಾಗಿಲ್ಲ.

ಬೆಂಕಿಗಿಂತ ವಿಷವೇ ಘೋರ

ಬೆಂಕಿ ಹೊತ್ತಲು ಶೇಕಡಾ ಲೆಕ್ಕದಲ್ಲಿ ಅನಿಲ ಬೇಕು. ವಿಷವಾಗಲು ಅಷ್ಟು ಬೇಕಿಲ್ಲ. ಅಮೆರಿಕದ ನಿಯಮದಂತೆ ಎಂಟು ಗಂಟೆ ದುಡಿಯುವವನು ಉಸಿರಾಡಬಹುದಾದ ಗಾಳಿಯಲ್ಲಿ ಫಾಸ್ಫೀನ್ ಸರಾಸರಿ ಹತ್ತು ಲಕ್ಷಕ್ಕೆ 0.3 ಭಾಗ ಮೀರಕೂಡದು. ಹತ್ತು ಲಕ್ಷಕ್ಕೆ 50 ಭಾಗವಿದ್ದರೆ ಅದು ಕೂಡಲೇ ಪ್ರಾಣಾಪಾಯದ ಮಟ್ಟ.

10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿಯಿರುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಇಂಥ ಕೋಣೆಯಲ್ಲಿ ಒಂದು ಗುಳಿಗೆ ಹತ್ತು ಲಕ್ಷಕ್ಕೆ ಸುಮಾರು 25 ಭಾಗ ಅನಿಲವನ್ನು ತುಂಬಬಲ್ಲದು. ಎರಡು ಗುಳಿಗೆ ಸಾಕು, ಪ್ರಾಣಾಪಾಯದ ಮಟ್ಟ ಮುಟ್ಟುತ್ತದೆ.

ವಾಸನೆಯನ್ನು ನಂಬಿ ಕೂರಬಾರದು. ವೆಲ್ಡಿಂಗ್ ಅಂಗಡಿಯ ಕಾರ್ಬೈಡಿನ ಬಳಿ ಬರುವ ಬೆಳ್ಳುಳ್ಳಿಯಂಥ ವಾಸನೆ ಈ ಅನಿಲಕ್ಕೂ ಇದೆ. ಆದರೆ ಅದು ಬಹುಮಟ್ಟಿಗೆ ಕಲ್ಮಶಗಳಿಂದ ಬರುವ ವಾಸನೆ. ಕಾಳು ಆ ವಾಸನೆಯನ್ನು ಹೀರಿಕೊಂಡ ಮೇಲೂ ಅನಿಲ ಉಳಿದಿರಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಯಾವ ರಕ್ಷಣೆಯೂ ಸಿಗುವುದಿಲ್ಲ.

ಮನೆಯಲ್ಲಿ ಏಕೆ ಕೂಡದು?

ಫಾಸ್ಫೀನಿನಿಂದ ಹುಳು ಸಾಯಬೇಕಾದರೆ ಅನಿಲವು ಒಂದೇ ಸಮನೆ ಹಲವು ದಿನ ಕಾಳಿನ ನಡುವೆ ನಿಲ್ಲಬೇಕು. ಉಗ್ರಾಣದಲ್ಲಿ ಮೂಟೆಗಳ ಮೇಲೆ ದಪ್ಪ ಪಾಲಿಥಿನ್ ಹೊದಿಸಿ, ಅಂಚಿಗೆ ಮರಳಿನ ಚೀಲಗಳನ್ನು ಹೇರಿ ಬಿಗಿ ಮಾಡುವುದು ಇದಕ್ಕಾಗಿ. ನಮ್ಮ ಮನೆಗಳಲ್ಲಿ ಹೆಂಚಿನ ಸಂದು, ಗೋಡೆಯ ಬಿರುಕು, ಬಾಗಿಲ ಕೆಳಗಿನ ಜಾಗಗಳಿಂದ ಅನಿಲ ಹೊರಹೋಗುತ್ತದೆ. ಕಾಳಿನಲ್ಲಿ ಅದು ಸಾಲದಾಗುವುದರಿಂದ ಗಟ್ಟಿ ಹುಳುಗಳು ಬದುಕುಳಿದು, ಮುಂದಿನ ಪೀಳಿಗೆ ವಿಷಕ್ಕೆ ಬಗ್ಗದಂತಾಗುತ್ತದೆ. ಸೋರಿದ ಅನಿಲ ಪಕ್ಕದ ಕೋಣೆಗೆ ಹೋಗಿ ಮನುಷ್ಯರಿಗೆ ಮುಟ್ಟುತ್ತದೆ. ಹುಳು ಉಳಿಸುವ ಸಂದೇ ಮನುಷ್ಯನನ್ನು ಕೊಲ್ಲುವ ದಾರಿ.

ಕಾನೂನೂ ಇದನ್ನೇ ಹೇಳುತ್ತದೆ. ಭಾರತದಲ್ಲಿ ಈ ಗುಳಿಗೆಯನ್ನು ಸರ್ಕಾರಿ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ತಜ್ಞರ ಮೇಲ್ವಿಚಾರಣೆಯಲ್ಲಿ ಉಪಯೋಗಿಸಬಹುದು. 3 ಗ್ರಾಂ ತೂಕದ 10 ಮತ್ತು 20 ಗುಳಿಗೆಗಳ ಕೊಳವೆ ಪೊಟ್ಟಣಗಳನ್ನು 2001ರಲ್ಲಿ ಸಂಪೂರ್ಣವಾಗಿ ನಿಷೇಧಿಸಲಾಯಿತು.

ನೆನಪಿಡಬೇಕಾದ ಅಂಶಗಳು

1. ವಾಸದ ಮನೆ, ಅದಕ್ಕೆ ಹೊಂದಿದ ಕೋಣೆ ಅಥವಾ ಕೊಟ್ಟಿಗೆಯಲ್ಲಿ ಗುಳಿಗೆ ಇಡಬಾರದು.

2. ಬಿಡಿ ಗುಳಿಗೆ ಕೊಳ್ಳಬಾರದು. ಯಾರಾದರೂ ಕೊಟ್ಟರೂ ತರಬಾರದು.

3. ಹತ್ತಿರದ ಗೋದಾಮಿನಲ್ಲಿ ಧೂಮೀಕರಣ ನಡೆಯುವಾಗ ಎಚ್ಚರಿಕೆಯ ಫಲಕ ದಾಟಿ ಒಳಗೆ ಹೋಗಬಾರದು. ಗಾಳಿಯಾಡಿಸಿ, ಪರೀಕ್ಷಿಸಿ ಅನುಮತಿ ಕೊಟ್ಟ ಮೇಲಷ್ಟೇ ಕಾಳು ಮುಟ್ಟಬೇಕು.

4. ಉಳಿದ ಪುಡಿಯಲ್ಲಿ ಇನ್ನೂ ಅನಿಲವಿರಬಹುದು. ಅದನ್ನು ಗುಡಿಸಿ ಡಬ್ಬದಲ್ಲಿ ಮುಚ್ಚಿಡಬಾರದು. ಅದರ ವಿಲೇವಾರಿ ಪರವಾನಗಿದಾರರ ಹೊಣೆ.

5. ಗುಳಿಗೆಗೆ ಬೆಂಕಿ ಹೊತ್ತಿದರೆ ನೀರು ಹಾಕಬಾರದು. ದೂರ ಸರಿದು ಅಗ್ನಿಶಾಮಕ ದಳಕ್ಕೆ ಗುಳಿಗೆಯ ಹೆಸರನ್ನು ತಿಳಿಸಬೇಕು.

ವಿಷ ತಗುಲಿದರೆ

ತಲೆನೋವು, ತಲೆಸುತ್ತು, ವಾಂತಿ, ಭೇದಿ, ಎದೆ ಬಿಗಿತ, ಕೆಮ್ಮು, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಮನೆಯವರೆಲ್ಲ ಒಟ್ಟಿಗೆ ವಾಂತಿ ಮಾಡಿದರೆ ಊಟ ಕೆಟ್ಟಿರಬೇಕೆಂದು ಭಾವಿಸಿ ಒಳಗೇ ಮಲಗಿಸುವುದು ಸಹಜ. ಅದೇ ಮಾರಕವಾಗುತ್ತದೆ. ಮನೆಯಲ್ಲಿ ಗುಳಿಗೆ ಇಟ್ಟಿದ್ದರೆ ಎಲ್ಲರನ್ನೂ ಕೂಡಲೇ ಬಯಲಿಗೆ ತಂದು, 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಗುಳಿಗೆಯ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡಬಾರದು. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಮನೆಮದ್ದಿನಲ್ಲಿ ಕಾಲ ಕಳೆಯಕೂಡದು. ಮೊದಲು ಚೇತರಿಸಿದಂತೆ ಕಂಡವರ ಸ್ಥಿತಿಯೂ ಕೆಲವು ಗಂಟೆಗಳ ನಂತರ ಬಿಗಡಾಯಿಸಬಹುದು.

ಕಾಳು ಕಾಪಾಡುವ ಸುರಕ್ಷಿತ ಮಾರ್ಗ

ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಏಕದಳ ಧಾನ್ಯದ ತೇವಾಂಶ ಶೇಕಡಾ 12 ಮೀರದಿರಲಿ. ಹಳೆಯ ಕಾಳನ್ನು ಹೊಸದಕ್ಕೆ ಬೆರೆಸಬೇಡಿ. ಕಣಜದ ಬಿರುಕುಗಳನ್ನು ಮುಚ್ಚಿ, ಮೂಟೆಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಜೋಡಿಸಿ. ಮನೆಬಳಕೆಯ ಬೇಳೆಕಾಳಿಗೆ ಕಿಲೋ ಒಂದಕ್ಕೆ ಸುಮಾರು 5 ಮಿಲಿಲೀಟರ್ ಅಡುಗೆ ಎಣ್ಣೆ ಸವರಬಹುದು. ಒಣಗಿದ ಕಾಳನ್ನು ಗಾಳಿಯಾಡದ ಪಾಲಿಥಿನ್ ಚೀಲದಲ್ಲಿ ಬಿಗಿದರೆ ಒಳಗಿನ ಆಮ್ಲಜನಕ ಮುಗಿದು ಹುಳುಗಳು ತಾವೇ ಸಾಯುತ್ತವೆ. ಹೆಚ್ಚು ದಾಸ್ತಾನಿದ್ದರೆ ಉಗ್ರಾಣದಲ್ಲಿರಿಸಿ ಪರವಾನಗಿದಾರರಿಂದಲೇ ಧೂಮೀಕರಣ ಮಾಡಿಸಿ. ಹುಳು ತಿಂದ ಒಂದು ಚೀಲ ಕಾಳನ್ನು ಮುಂದಿನ ಸುಗ್ಗಿಯಲ್ಲಿ ತುಂಬಿಕೊಳ್ಳಬಹುದು. ಹೋದ ಜೀವವನ್ನು ಯಾವ ಸುಗ್ಗಿಯೂ ತಂದುಕೊಡಲಾರದು.