ಮರಿ ಮಾರುವ ಮುಂಚಿನ ಐದು ವಾರ

ಮುಧೋಳ ನಾಯಿಗೆ ಈಗ ಶುಕ್ರದೆಸೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. ಮೀರತ್‌ನ ಸೇನಾ ಕೇಂದ್ರದಲ್ಲಿ ತರಬೇತಿ ಪಡೆದ ಮೊದಲ ದೇಶಿ ತಳಿ ಎಂಬ ಹೆಸರು ಬಂತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ‘ಮನದ ಮಾತು’ ಭಾಷಣದಲ್ಲಿ ದೇಶಿ ತಳಿಗಳನ್ನು ಸಾಕಿರೆಂದು ಹೇಳುತ್ತ ಇದರ ಹೆಸರೆತ್ತಿದರು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟು ಹೆಸರು ಬಂದ ಮೇಲೆ ಬೇಡಿಕೆ ಬರದೆ ಇರುತ್ತದೆಯೇ? ಬೇಡಿಕೆಯ ಹಿಂದೆಯೇ ಕೊಳ್ಳುವವರ ಪ್ರಶ್ನೆಗಳೂ ಬರುತ್ತವೆ: ಬಣ್ಣ ಯಾವುದು, ಎತ್ತರ ಎಷ್ಟು ಬೆಳೆಯುತ್ತದೆ, ಪೇಪರ್ ಇದೆಯಾ, ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ. ಈ ಮರಿ ಹುಟ್ಟಿದ ಮೂರನೇ ವಾರದಿಂದ ಎಂಟನೇ ವಾರದವರೆಗೆ ಎಲ್ಲಿ, ಯಾರ ಜೊತೆ ಬೆಳೆಯಿತು ಎಂದು ಕೇಳುವವರು ವಿರಳ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂಬುದು ಈ ಲೇಖನದ ವಾದ. ನಾಯಿಯ ಸ್ವಭಾವದ ದೊಡ್ಡ ಪಾಲು ಕೊಂಡವರ ಮನೆಗೆ ಬರುವ ಮೊದಲೇ, ಮರಿ ಹಾಕಿಸಿದವರ ಅಂಗಳದಲ್ಲಿ ಕೂಡಿಬರುತ್ತದೆ ಅಥವಾ ಕೆಟ್ಟುಹೋಗುತ್ತದೆ.

ನಾಯಿ ಗಬ್ಬವಾದ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ. ತಾಯಿಯ ಬಿಸುಪು ಮತ್ತು ಹಾಲಿನ ವಾಸನೆಯೇ ಪ್ರಪಂಚ. ಹತ್ತು–ಹದಿನಾಲ್ಕು ದಿನಕ್ಕೆ ಕಣ್ಣು ಬಿಡುತ್ತದೆ, ಮೂರನೇ ವಾರದ ಹೊತ್ತಿಗೆ ಕಿವಿ ಕೇಳಿಸುತ್ತದೆ. ಅಲ್ಲಿಂದ ಸುಮಾರು ಹನ್ನೆರಡನೇ ವಾರದವರೆಗೆ ಮಿದುಳು ಒಂದು ಪಟ್ಟಿ ಬರೆದುಕೊಳ್ಳುತ್ತದೆ: ಯಾವುದು ನಮ್ಮದು, ಯಾವುದು ಹೆದರಬೇಕಾದ್ದು. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಪುಸ್ತಕ ಈ ಅವಧಿಯ ಬಗ್ಗೆ ಇಂದಿಗೂ ಆಧಾರಗ್ರಂಥ. ಅದೇ ಪ್ರಯೋಗಾಲಯದ ಇನ್ನೊಂದು ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಎತ್ತರದ ಬೇಲಿ ಹಾಕಿದ ಹೊಲದಲ್ಲಿ, ಮನುಷ್ಯರ ಮುಖ ಕಾಣದಂತೆ, ಕಾಕರ್ ಸ್ಪಾನಿಯಲ್ ಮತ್ತು ಬೀಗಲ್ ಮರಿಗಳನ್ನು ತಾಯಿಯ ಜೊತೆ ಬೆಳೆಸಿದರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಒಂದು ವಾರದ ಮಟ್ಟಿಗೆ ಒಳಗೆ ತಂದು ಮನುಷ್ಯರ ಒಡನಾಟ ಕೊಟ್ಟು ಮತ್ತೆ ಹೊಲಕ್ಕೆ ಬಿಟ್ಟರು. ಮೂರನೇ ವಾರದಲ್ಲಿ ಬಂದವು ನೇರ ಬಂದು ಮೈಮೇಲೆ ಹತ್ತಿದವು. ಏಳು, ಒಂಬತ್ತನೇ ವಾರದಲ್ಲಿ ಬಂದವು ಮೊದಲು ಹಿಂಜರಿದು ಆಮೇಲೆ ಒಲಿದವು. ಹದಿನಾಲ್ಕು ವಾರ ಮನುಷ್ಯರನ್ನೇ ಕಾಣದೆ ಬೆಳೆದವು ಮಾತ್ರ ಕಾಡುಪ್ರಾಣಿಗಳಂತೆ ಹೆದರಿ ಓಡಿದವು. ಆಮೇಲೆ ಎಷ್ಟು ಮುದ್ದಿಸಿದರೂ ಸಲುಗೆ ಬೆಳೆಯಲಿಲ್ಲ. ಇಂದು ಯಾವ ನೈತಿಕ ಸಮಿತಿಯೂ ಈ ಪ್ರಯೋಗಕ್ಕೆ ಸುಲಭವಾಗಿ ಒಪ್ಪಲಾರದು, ಆದರೆ ನಮ್ಮ ಎಷ್ಟೋ ನಾಯಿ ಸಾಕಣೆಯ ಶೆಡ್‌ಗಳಲ್ಲಿ ಅದೇ ಸಂಗತಿ ಯಾರೂ ಲೆಕ್ಕ ಬರೆಯದೆ ನಡೆಯುತ್ತಿರುತ್ತದೆ.

ಕುರಿಗಾರರಿಗೆ ಇದು ಪ್ರಯೋಗಾಲಯಕ್ಕಿಂತ ಮುಂಚೆಯೇ ತಿಳಿದಿತ್ತು. ‘ಬೀಗಲ್’ ಹಡಗಿನ ಪಯಣದಲ್ಲಿ ಇಂದಿನ ಉರುಗ್ವೆ ಪ್ರದೇಶಕ್ಕೆ ಹೋದ ಚಾರ್ಲ್ಸ್ ಡಾರ್ವಿನ್ ಅಲ್ಲಿನ ಕುರಿ ಕಾಯುವ ನಾಯಿಗಳನ್ನು ಕಂಡು ಬೆರಗಾದ. ಅಲ್ಲಿನವರು ಎಳೆಯ ಮರಿಯನ್ನು ತಾಯಿಯಿಂದ ಬಿಡಿಸಿ, ದಿನಕ್ಕೆ ಮೂರು ನಾಲ್ಕು ಸಲ ಕುರಿಯನ್ನು ಹಿಡಿದು ಹಾಲು ಕುಡಿಸಿ, ದೊಡ್ಡಿಯಲ್ಲೇ ಉಣ್ಣೆಯ ಗೂಡಿನಲ್ಲಿ ಮಲಗಿಸುತ್ತಿದ್ದರು. ಬೆಳೆದ ಮೇಲೆ ಆ ನಾಯಿ ಮಂದೆ ಬಿಟ್ಟು ಕದಲುತ್ತಿರಲಿಲ್ಲ. ತಾಯಿಯಿಂದ ಅಷ್ಟು ಬೇಗ ಅಗಲಿಸುವುದನ್ನು ಇಲ್ಲಿ ಯಾರೂ ಅನುಸರಿಸಬೇಕಿಲ್ಲ. ಆದರೆ ಆ ಎಳೆಯ ವಾರಗಳಲ್ಲಿ ಜೊತೆಗಿದ್ದವರನ್ನೇ ಮರಿ ಬಳಗವೆಂದು ಬಗೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಸಿಗುವುದು ಕಷ್ಟ.

ಮುಧೋಳ ನಾಯಿಗೆ ಈ ಮಾತು ಹೆಚ್ಚೇ ಅನ್ವಯಿಸುತ್ತದೆ. ಕಣ್ಣಿಂದ ಬೇಟೆ ಗುರುತಿಸಿ ಓಡಿ ಹಿಡಿಯುವ ಜಾತಿ ಇದು. ಮನೆಯವರಿಗೆ ಜೀವ ಕೊಟ್ಟರೂ ಹೊರಗಿನವರು ಮೈ ಮುಟ್ಟುವುದನ್ನು ಸಹಿಸದು. ಹಳ್ಳಿಯಲ್ಲಿ ಇದು ತೊಂದರೆಯಾಗಿರಲಿಲ್ಲ. ಅಲ್ಲಿ ಮರಿ ದನದ ಕೊಟ್ಟಿಗೆಯ ಪಕ್ಕ, ಮಕ್ಕಳ ಕಾಲಡಿ, ಬಂದುಹೋಗುವ ನೆಂಟರ ನಡುವೆ ಬೆಳೆಯುತ್ತಿತ್ತು. ‘ನಮ್ಮ ಅಜ್ಜಂದಿರು ಯಾವ ಪುಸ್ತಕ ಓದಿ ನಾಯಿ ಸಾಕಿದರು?’ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಅಜ್ಜಂದಿರ ಅಂಗಳವೇ ಆ ಕೆಲಸ ಮಾಡುತ್ತಿತ್ತು. ಹತ್ತಿಪ್ಪತ್ತು ಹೆಣ್ಣುನಾಯಿಗಳನ್ನು ಕಬ್ಬಿಣದ ಜಾಲರಿಯ ಕೋಣೆಗಳಲ್ಲಿ ಕೂಡಿಹಾಕಿ, ಊರಾಚೆಯ ತೋಟದಲ್ಲಿ ಒಬ್ಬ ಆಳು ದಿನಕ್ಕೆರಡು ಹೊತ್ತು ಊಟ ಹಾಕಿ ಹೋಗುವ ಏರ್ಪಾಟಿಗೆ ಬದಲಾದ ಮೇಲೆ ಅಂಗಳ ಮಾಡುತ್ತಿದ್ದುದನ್ನು ಮನುಷ್ಯ ಬೇಕೆಂದೇ ಮಾಡಬೇಕಾಗುತ್ತದೆ.

ಹಾಗೆ ಮಾಡುವುದಕ್ಕೆ ದುಬಾರಿ ಸಲಕರಣೆ ಬೇಡ. ತಾಯಿ ಮಲಗುವಾಗ ಮರಿ ಗೋಡೆಗೆ ಒತ್ತಿ ಸಾಯದಂತೆ ಒಳಬದಿಗೆ ಸುತ್ತ ಅಡ್ಡಪಟ್ಟಿ ಬಡಿದ ಒಂದು ಮರದ ಪೆಟ್ಟಿಗೆ, ಅದನ್ನು ಇಡಲು ಮನೆಯವರು ಓಡಾಡುವ ಜಾಗ. ಮೊದಲ ಎರಡು ವಾರ ದಿನವೂ ಪ್ರತಿ ಮರಿಯನ್ನು ಕೈಗೆತ್ತಿ ತೂಕ ನೋಡಿದರೆ ಹಾಲು ಸಾಲುತ್ತಿದೆಯೇ ಎಂದೂ ತಿಳಿಯುತ್ತದೆ, ಮನುಷ್ಯನ ಕೈಯೂ ರೂಢಿಯಾಗುತ್ತದೆ. ಮೂರನೇ ವಾರ ದಾಟಿದ ಮೇಲೆ ಕಾಲಡಿಗೆ ಒಂದು ದಿನ ಗೋಣಿಚೀಲ, ಒಂದು ದಿನ ಮರಳು, ಆಮೇಲೆ ಜಾರುವ ಟೈಲ್ಸ್, ಒದ್ದೆ ಹುಲ್ಲು. ಪಕ್ಕದ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ, ಮಿಕ್ಸಿಯ ಗುರ್‌ ಸದ್ದು. ಕೊಡೆ ಬಿಚ್ಚುವವರು, ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬರುವವರು, ಕೋಲೂರಿ ನಡೆಯುವ ಮುದುಕರು, ಶಾಲೆಯಿಂದ ಬಂದ ಮಕ್ಕಳು. ತಟ್ಟೆ ಬಿದ್ದ ಸದ್ದಿಗೆ ಮರಿ ಬೆಚ್ಚುವುದು ಸಹಜ, ಗಮನಿಸಬೇಕಾದ್ದು ಆಮೇಲಿನದು. ಬೆಚ್ಚಿದ್ದು ಕ್ಷಣದಲ್ಲಿ ಚೇತರಿಸಿಕೊಂಡು ತಟ್ಟೆಯನ್ನು ಮೂಸಲು ಬಂದರೆ ಸರಿ. ಮೂಲೆ ಸೇರಿ ನಡುಗುತ್ತ ಕೂತರೆ ಅದಕ್ಕೆ ಸದ್ದು ಕಡಿಮೆ ಮಾಡಿ ನಿಧಾನಕ್ಕೆ ರೂಢಿ ಮಾಡಬೇಕು. ಒತ್ತಾಯದಿಂದ ಎಳೆದು ತಂದರೆ ಧೈರ್ಯ ಬರುವುದಿಲ್ಲ, ಹೆದರಿಕೆ ಗಟ್ಟಿಯಾಗುತ್ತದೆ.

ಇನ್ನು ಮಾರುವ ವಯಸ್ಸು. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಸಾಕಣೆ ಮತ್ತು ಮಾರಾಟಕ್ಕೆ ನಿಯಮ ತಂದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದಿತು. ಆದರೂ ‘35 ದಿನದ ಮರಿ ರೆಡಿ’ ಎಂಬ ಜಾಹೀರಾತು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕಾರಣ ಗುಟ್ಟಿನದೇನಲ್ಲ. ತಾಯಿಯ ಹಾಲು ಬತ್ತುತ್ತ ಬಂದಾಗ ಮರಿಗಳ ಊಟದ ಖರ್ಚು ಏರುತ್ತದೆ, ಜಂತುಹುಳದ ಔಷಧಿ, ಲಸಿಕೆ ಎಂದು ಇನ್ನಷ್ಟು. ಕೊಳ್ಳುವವರೂ ಚಿಕ್ಕದಾದಷ್ಟೂ ಮುದ್ದು, ಬೇಗ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಈ ಎರಡನೆಯ ನಂಬಿಕೆ ತಪ್ಪು. ಐದರಿಂದ ಎಂಟನೇ ವಾರದ ನಡುವೆ ಒಡಹುಟ್ಟಿದವರ ಜೊತೆ ಕಚ್ಚಾಡುತ್ತಲೇ ಮರಿ ಹಲ್ಲಿನ ಬಿಗಿ ಎಷ್ಟಿರಬೇಕೆಂದು ಕಲಿಯುತ್ತದೆ. ಜೋರಾಗಿ ಕಚ್ಚಿದರೆ ಎದುರಿನದು ಕಿರುಚಿ ಆಟ ಬಿಡುತ್ತದೆ, ತಾಯಿ ಗುರ್ ಎನ್ನುತ್ತದೆ. ಇಟಲಿಯ ಸಂಶೋಧಕರು 30–40 ದಿನಕ್ಕೆ ತಾಯಿಯಿಂದ ಅಗಲಿದ ನಾಯಿಗಳನ್ನು ಎರಡು ತಿಂಗಳಿಗೆ ಅಗಲಿದವುಗಳ ಜೊತೆ ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಅಗಲಿದವುಗಳಲ್ಲಿ ಅಂಜುಬುರುಕತನ, ಅತಿ ಬೊಗಳಾಟ, ವಸ್ತುಗಳನ್ನು ಕಚ್ಚಿ ಹರಿಯುವುದು ಹೆಚ್ಚಾಗಿ ಕಂಡಿತ್ತು. ಖರ್ಚಿನ ಮಾತು ಮಾತ್ರ ನಿಜ. ಮೂರು ವಾರ ಹೆಚ್ಚು ಇಟ್ಟುಕೊಂಡ ಮರಿಗೆ ಬೆಲೆ ಹೆಚ್ಚಾಗಲೇಬೇಕು, ಕೊಳ್ಳುವವರು ಅದನ್ನು ಕೊಡಲೇಬೇಕು. ಸಾವಿರ ರೂಪಾಯಿ ಚೌಕಾಸಿ ಮಾಡಿ 35 ದಿನದ ಮರಿ ತಂದು, ಆಮೇಲೆ ಅದು ಕಚ್ಚುತ್ತದೆಂದು ತರಬೇತುದಾರರಿಗೆ ಅದರ ಹಲವು ಪಟ್ಟು ತೆರುವುದು ಯಾವ ಜಾಣತನ?

ಸ್ವಭಾವ ರಕ್ತದಲ್ಲೇ ಬರುತ್ತದೆ, ಸಾಕಣೆಯಿಂದ ಏನಾಗುತ್ತದೆ ಎನ್ನುವವರೂ ಇದ್ದಾರೆ. ಅರ್ಧ ಸರಿ. ತಳಿಯಿಂದ ತಳಿಗೆ ಸ್ವಭಾವ ಬೇರೆಯಾಗುವುದನ್ನು ಸ್ಕಾಟ್ ಮತ್ತು ಫುಲ್ಲರ್ ಕೂಡ ತೋರಿಸಿದ್ದರು. ಅದಕ್ಕೇ ಜವಾಬ್ದಾರಿ ಜೋಡಿ ಆರಿಸುವಲ್ಲೇ ಶುರುವಾಗುತ್ತದೆ. ಅಪರಿಚಿತರನ್ನು ಕಂಡರೆ ಮಂಚದಡಿ ನುಗ್ಗುವ ಹೆಣ್ಣನ್ನು ಬಣ್ಣ ಚೆನ್ನಾಗಿದೆಯೆಂದು ಕ್ರಾಸ್ ಮಾಡಿಸಿದರೆ ಅಂಜಿಕೆಯನ್ನೇ ಬಿತ್ತಿದಂತೆ. ಹೆಸರಾದ ಒಂದೇ ಗಂಡನ್ನು ಊರೆಲ್ಲ ಬಳಸಿದರೆ, ಮುಧೋಳದಂಥ ಚಿಕ್ಕ ಬಳಗದ ತಳಿಯಲ್ಲಿ ಕೆಲವೇ ತಲೆಮಾರಿಗೆ ಎಲ್ಲವೂ ದಾಯಾದಿಗಳಾಗಿ ದೋಷಗಳು ಮೇಲೆದ್ದು ಬರುತ್ತವೆ. 2017ರ ನಿಯಮವೇ ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದು ಮೀರಬಾರದು ಎನ್ನುತ್ತದೆ. ಸೂಲಿನ ಮೇಲೆ ಸೂಲಾಗಿ ಬಸವಳಿದ ತಾಯಿಗೆ ಮರಿಗಳನ್ನು ತಿದ್ದುವ ತಾಳ್ಮೆಯೂ ಉಳಿದಿರುವುದಿಲ್ಲ. ಕೊಳ್ಳಲು ಹೋದವರು ತಾಯಿಯನ್ನು ತೋರಿಸಿ ಎಂದು ಕೇಳುವುದು ಇದಕ್ಕೇ. ತಾಯಿ ಇಲ್ಲಿಲ್ಲ, ಬೇರೆ ಊರಲ್ಲಿದೆ ಎಂಬ ಉತ್ತರ ಬಂದರೆ ವಾಪಸು ಹೊರಡುವುದು ಮೇಲು.

ಪಶುವೈದ್ಯರ ಕಡೆಯಿಂದ ಬರುವ ಆಕ್ಷೇಪ ಗಟ್ಟಿಯಾದದ್ದು. ಲಸಿಕೆ ಪೂರ್ತಿಯಾಗುವ ಮೊದಲು ಮರಿಯನ್ನು ಹೊರಗೆ ತಂದರೆ ಪಾರ್ವೊ ತಗಲುತ್ತದೆ, ರಕ್ತಭೇದಿಯಾಗಿ ಮೂರು ನಾಲ್ಕು ದಿನದಲ್ಲಿ ಸಾಯಬಹುದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡಬರುವುದರಿಂದ 6–8 ವಾರಕ್ಕೆ ಶುರುಮಾಡಿದ ಲಸಿಕೆಯನ್ನು 16 ವಾರದವರೆಗೆ ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಅಷ್ಟರಲ್ಲಿ ಒಗ್ಗಿಕೊಳ್ಳುವ ವಯಸ್ಸೇ ದಾಟಿರುತ್ತದೆ. ಅಮೆರಿಕದಲ್ಲಿ ಪ್ರಾಣಿವರ್ತನೆಯನ್ನು ಅಭ್ಯಸಿಸುವ ಪಶುವೈದ್ಯರ ಸಂಘ ಇದನ್ನು ತೂಗಿ ನೋಡಿ, ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಶುಚಿಯಾದ ಜಾಗದಲ್ಲಿ ಒಡನಾಟ ಶುರುಮಾಡಬಹುದು ಎಂದಿದೆ. ಬಸ್‌ ಸ್ಟ್ಯಾಂಡಿನ ನೆಲದಲ್ಲಿ ಮರಿಯನ್ನು ಬಿಡಿ ಎಂದು ಇದರ ಅರ್ಥವಲ್ಲ. ಎತ್ತಿಕೊಂಡು ಹೋಗಿ ಪೇಟೆ ತೋರಿಸಬಹುದು, ಲಸಿಕೆಯಾದ ನಾಯಿ ಇರುವ ನೆಂಟರ ಮನೆಗೆ ಒಯ್ಯಬಹುದು, ಹೊರಗಿನವರನ್ನು ಚಪ್ಪಲಿ ಬಿಟ್ಟು ಕೈತೊಳೆದು ಒಳಗೆ ಬರಲು ಹೇಳಬಹುದು.

‘ಎಲ್ಲರಿಗೂ ಬಾಲ ಅಲ್ಲಾಡಿಸುವ ನಾಯಿ ಕಾವಲಿಗೆ ಏಕೆ ಬೇಕು?’ ಎಂಬುದು ತೋಟದವರ ಪ್ರಶ್ನೆ. ಹೆದರಿದ ನಾಯಿಯೂ ಬೊಗಳುತ್ತದೆ ನಿಜ, ಆದರೆ ಅದು ಕಳ್ಳನಿಗೂ ಹಾಲಿನವನಿಗೂ ಮೊಮ್ಮಗನ ಗೆಳೆಯನಿಗೂ ಒಂದೇ ಸಮ ಬೊಗಳುತ್ತದೆ, ಮೂಲೆಗೊತ್ತಿದರೆ ಮಗುವನ್ನೂ ಕಚ್ಚುತ್ತದೆ. ಲೋಕ ಕಂಡ ನಾಯಿಗೆ ನಿತ್ಯದ್ದು ಯಾವುದು ಎಂಬ ಅಳತೆ ಇರುತ್ತದೆ. ನಡುರಾತ್ರಿ ಬೇಲಿ ಹಾರಿದವನು ಆ ಅಳತೆಗೆ ಸೇರುವುದಿಲ್ಲ.

ಬೀದಿಯಲ್ಲಿ ಇಷ್ಟೊಂದು ಮರಿಗಳಿರುವಾಗ ಮರಿ ಹಾಕಿಸುವುದೇ ತಪ್ಪಲ್ಲವೇ ಎಂಬ ಮಾತಿನಲ್ಲಿ ಹುರುಳಿದೆ. ಮನೆಗೊಂದು ಜೊತೆ ಸಾಕೆನ್ನುವವರಿಗೆ ಬೀದಿಮರಿಯೇ ಸಾಲುತ್ತದೆ, ಅಂಥವರ ಆಸೆಗಾಗಿ ಸೂಲು ಹೆಚ್ಚಿಸುವುದನ್ನು ನಾನು ಸಮರ್ಥಿಸಲಾರೆ. ಮುಧೋಳದಂಥ ನಾಡತಳಿ ಉಳಿಯಬೇಕಾದರೆ ಮಾತ್ರ ಯಾರಾದರೂ ಜೋಪಾನದಿಂದ, ಕಡಿಮೆ ಸಂಖ್ಯೆಯಲ್ಲಿ ಮರಿ ಹಾಕಿಸುತ್ತಲೇ ಇರಬೇಕು. ತಮಾಷೆಯೆಂದರೆ, ಚಹಾದಂಗಡಿಯ ಬೆಂಚಿನಡಿ ಹುಟ್ಟಿ ಆಟೋ ಹಾರ್ನ್ ಕೇಳುತ್ತ, ಗಿರಾಕಿಗಳ ಕೈಯ ಬಿಸ್ಕತ್ತು ತಿನ್ನುತ್ತ ಬೆಳೆದ ಮರಿ ಎಷ್ಟೋ ಸಲ ಪೇಪರ್ ಇರುವ ಶೆಡ್ಡಿನ ಮರಿಗಿಂತ ಚೆನ್ನಾಗಿ ಮನುಷ್ಯರ ನಡುವೆ ಬದುಕಲು ಕಲಿತಿರುತ್ತದೆ. ಅದನ್ನು ಮನೆಗೆ ತರುವವರು ಮಾಡಬೇಕಾದ್ದು ಜಂತುಹುಳದ ಔಷಧಿ, ಲಸಿಕೆ, ವಯಸ್ಸಿಗೆ ಬಂದಾಗ ಸಂತಾನಹರಣ ಶಸ್ತ್ರಚಿಕಿತ್ಸೆ. ಉಳಿದ ಪಾಠ ಆ ಬೆಂಚಿನಡಿಯಲ್ಲೇ ಬಹುಮಟ್ಟಿಗೆ ಆಗಿರುತ್ತದೆ.