ಇಂದಿನ ಕೊರತೆಯೋ, ನಾಳೆಯ ಆಸರೆಯೋ?

2005ರ ಏಪ್ರಿಲ್ 23. ನ್ಯೂಯಾರ್ಕ್ ನಗರದ ದೊಡ್ಡ ಸಭಾಭವನವೊಂದರ ಒಳಕೋಣೆಯಲ್ಲಿ 21 ವರ್ಷದ ಯುವಕನೊಬ್ಬ ಸೂಟು ತೊಟ್ಟು ಕುಳಿತಿದ್ದ. ಹೆಸರು ಆರನ್ ರಾಡ್ಜರ್ಸ್. ಅಂದು ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ. ಮೊದಲ ಹೆಸರೇ ಇವನದಾಗಬಹುದೆಂದು ಅನೇಕರು ಹೇಳಿದ್ದರು. ಮೊದಲ ಹೆಸರು ಬೇರೆಯವನದಾಯಿತು. ಎರಡನೆಯದೂ ಇವನದಲ್ಲ, ಹತ್ತನೆಯದೂ ಅಲ್ಲ. ಸುಮಾರು ನಾಲ್ಕೂವರೆ ಗಂಟೆ ಅವನು ಹಾಗೆಯೇ ಕಾದ. ಟೆಲಿವಿಷನ್ ಕ್ಯಾಮೆರಾ ಮತ್ತೆ ಮತ್ತೆ ಅವನ ಮುಖದತ್ತಲೇ ತಿರುಗುತ್ತಿತ್ತು. ಕಾರ್ಯಕ್ರಮ ತಯಾರಿಸುವ ನಮ್ಮಂಥವರಿಗೆ ಅದರ ಕಾರಣ ತಿಳಿಯುತ್ತದೆ: ಕಾಯುವ ಮನುಷ್ಯನ ಮುಖಕ್ಕಿಂತ ಹೆಚ್ಚು ಹೊತ್ತು ನೋಡುಗರನ್ನು ಹಿಡಿದಿಡುವ ದೃಶ್ಯ ಕಡಿಮೆ. ಕೊನೆಗೆ 24ನೆಯ ಸರದಿಯಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವನ ಹೆಸರನ್ನು ಕರೆಯಿತು.

ವಿಚಿತ್ರವೆಂದರೆ ಆ ತಂಡಕ್ಕೆ ಅವನ ಅಗತ್ಯವೇ ಇರಲಿಲ್ಲ! ಅವನು ಆಡುತ್ತಿದ್ದ ಸ್ಥಾನದಲ್ಲಿ ಬ್ರೆಟ್ ಫಾವ್ರ್ ಎಂಬ ಪ್ರಸಿದ್ಧ ಆಟಗಾರ ಆಗಲೇ ಇದ್ದ. ಹಾಗಾದರೆ ಆರಿಸಿದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಅಮೆರಿಕದ ಆಯ್ಕೆ ಪದ್ಧತಿಯೆಲ್ಲ ನಿಮಗೆ ಅರ್ಥವಾಗುತ್ತದೆ.

ಮೊದಲು ಆಟದ ವಿಷಯ. ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಇಲ್ಲವೇ ಎಸೆದು, ಎದುರಾಳಿಯ ಗಡಿ ದಾಟಿಸುವ ಆಟ. ಮೈದಾನದಲ್ಲಿ ಎರಡೂ ಕಡೆ ಹನ್ನೊಂದು ಮಂದಿ. ಆದರೆ ದಾಳಿ ಮಾಡುವ ಹನ್ನೊಂದು ಮಂದಿಯೇ ಬೇರೆ, ರಕ್ಷಣೆಗೆ ನಿಲ್ಲುವ ಹನ್ನೊಂದು ಮಂದಿಯೇ ಬೇರೆ, ಚೆಂಡನ್ನು ಒದೆಯಲೆಂದೇ ಇರುವವರು ಬೇರೆ. ಆದ್ದರಿಂದ ಒಂದು ತಂಡದ ಪಟ್ಟಿಯಲ್ಲಿ 53 ಹೆಸರುಗಳಿರುತ್ತವೆ. ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸುವವನು ಅವನೇ. ದೂರ ಓಡಿಹೋಗಿ ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಂಡರೆ ಈ ಲೇಖನಕ್ಕೆ ಸಾಕು.

ಇನ್ನು ಆಯ್ಕೆ. ನಮ್ಮ ಐ.ಪಿ.ಎಲ್. ಕ್ರಿಕೆಟ್‌ನಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವುದನ್ನು ನೀವು ನೋಡಿದ್ದೀರಿ. ಅಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಹೊಸಬರಿಗೆ ಹರಾಜಿಲ್ಲ. ಸರದಿ ಸಾಲು ಇದೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಸಾಲಿನಲ್ಲಿ ಮೊದಲು ನಿಲ್ಲುವುದು ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡ. ಚಾಂಪಿಯನ್ ತಂಡ ಎಲ್ಲರ ಕೊನೆಗೆ. 32 ತಂಡಗಳು, ಏಳು ಸುತ್ತು. ಕಾಲೇಜುಗಳಲ್ಲಿ ಆಡಿ ಬಂದ ಸುಮಾರು 250 ಯುವಕರಿಗೆ ಹೀಗೆ ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ತಂಡ ಸಿಗುತ್ತದೆ. ತಾನು ಯಾವ ಊರಿಗೆ ಹೋಗಬೇಕೆಂದು ಆಟಗಾರ ಆರಿಸುವಂತಿಲ್ಲ. ಊರು ಅವನನ್ನು ಆರಿಸುತ್ತದೆ.

ಈ ವ್ಯವಸ್ಥೆಯನ್ನು ಸೂಚಿಸಿದವನು ಫಿಲಡೆಲ್ಫಿಯಾ ತಂಡದ ಒಡೆಯನಾಗಿದ್ದ ಬರ್ಟ್ ಬೆಲ್. ಹಣವಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡರೆ ಬಡ ತಂಡಗಳು ಮುಚ್ಚಿಹೋಗುತ್ತವೆ, ಆಗ ಗೆಲ್ಲಲು ಎದುರಾಳಿಯೇ ಇರುವುದಿಲ್ಲ ಎಂಬುದು ಅವನ ವಾದ. ಅವನ ತಂಡವೂ ಸೋಲುತ್ತಿದ್ದ ತಂಡವೇ ಆಗಿತ್ತು ಎನ್ನುವುದನ್ನೂ ಮರೆಯಬಾರದು. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವ್ಯಾಂಗರ್ ಎಂಬಾತ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಆಯ್ಕೆ ಎಂಬುದು ಭರವಸೆಯೇ ಹೊರತು ಫಲವಲ್ಲ ಎಂಬ ಪಾಠ ಮೊದಲ ದಿನವೇ ಸಿಕ್ಕಿತ್ತು.

ಈ ಸರದಿಗಳನ್ನು ತಂಡಗಳು ಪರಸ್ಪರ ಅದಲು ಬದಲು ಮಾಡಿಕೊಳ್ಳಬಹುದು. ಹಾಗಾದರೆ ಒಂದೊಂದು ಸರದಿಗೆ ಬೆಲೆ ಎಷ್ಟು? 1991ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಮೈಕ್ ಮೆಕಾಯ್ ಎಂಬುವರು ಇದಕ್ಕೊಂದು ಕೋಷ್ಟಕ ತಯಾರಿಸಿದರು. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಹದಿನಾರನೆಯದಕ್ಕೆ 1000, ಮೂವತ್ತೆರಡನೆಯದಕ್ಕೆ 590. ವಿಜ್ಞಾನ ಓದಿದವರಿಗೆ ಈ ಅಂಕಿಗಳು ಪರಿಚಿತವೆನಿಸುತ್ತವೆ. ಬಿಸಿ ನೀರು ತಣಿಯುವಾಗ ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ ಇಳಿಯುವ ರೇಖೆ ಇದೆಯಲ್ಲ, ಹೆಚ್ಚುಕಡಿಮೆ ಅದೇ ರೂಪ. ಇಂದು ತಂಡಗಳು ತಮ್ಮ ತಮ್ಮದೇ ಕೋಷ್ಟಕಗಳನ್ನು ಮಾಡಿಕೊಂಡಿವೆ. ಆದರೆ ಸರದಿಗೂ ಬೆಲೆ ಕಟ್ಟಬಹುದು ಎಂಬ ಅಭ್ಯಾಸ ಬೆಳೆದದ್ದು ಅಲ್ಲಿಂದ.

ಈಗ ಗ್ರೀನ್ ಬೇಗೆ ಬರೋಣ. ವಿಸ್ಕಾನ್ಸಿನ್ ರಾಜ್ಯದ ಈ ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಅಂದರೆ ನಮ್ಮ ಒಂದು ಸಾಧಾರಣ ಜಿಲ್ಲಾ ಕೇಂದ್ರದಷ್ಟೂ ಇಲ್ಲ. ಬೇರೆ ತಂಡಗಳಿಗೆ ಕೋಟ್ಯಧೀಶ ಒಡೆಯರಿದ್ದರೆ, ಪ್ಯಾಕರ್ಸ್ ತಂಡಕ್ಕೆ ಒಡೆಯರು ಸಾಮಾನ್ಯ ಜನರೇ. 1923ರಲ್ಲಿ ಮೊದಲ ಬಾರಿ ಷೇರು ಮಾರಿದರು. ಇಂದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಈ ಷೇರಿಗೆ ಲಾಭಾಂಶವಿಲ್ಲ, ಲಾಭಕ್ಕೆ ಮಾರುವಂತೆಯೂ ಇಲ್ಲ. ಅಭಿಮಾನವೊಂದೇ ಆದಾಯ. ಇಂಥ ತಂಡದಲ್ಲಿ ತಪ್ಪು ಆಯ್ಕೆಯಾದರೆ ಬೇಸರಪಡುವುದು ಇಡೀ ಊರು.

ಏಪ್ರಿಲ್ ಬಂತೆಂದರೆ ಆ ಊರಿನ ಚರ್ಚೆ ಒಂದೇ: ನಮ್ಮ ತಂಡದಲ್ಲಿ ಯಾವ ಸ್ಥಾನ ದುರ್ಬಲ? ಅದನ್ನು ತುಂಬುವವನು ಯಾರು? ಇದು ಸಹಜವಾದ ಲೆಕ್ಕ. ಮಾಡು ಸೋರುತ್ತಿದ್ದರೆ ಮೊದಲು ಹೆಂಚು ತರುತ್ತೇವಲ್ಲವೇ? ಆದರೆ ತಂಡ ನಡೆಸುವವರಿಗೆ ಇನ್ನೊಂದು ಲೆಕ್ಕವೂ ಇದೆ. ಇಂದು ಆರಿಸಿದ ಯುವಕ ಪಕ್ವವಾಗಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಇಂದಿನ ಕೊರತೆ ನೀಗಿರಬಹುದು, ಇಂದು ಭದ್ರವಾಗಿರುವ ಜಾಗವೇ ಖಾಲಿಯಾಗಿರಬಹುದು. ಆದ್ದರಿಂದ ಸ್ಥಾನ ಯಾವುದೇ ಇರಲಿ, ಸಾಲಿನಲ್ಲಿ ಉಳಿದವರಲ್ಲಿ ಅತ್ಯುತ್ತಮನನ್ನೇ ಆರಿಸು ಎನ್ನುತ್ತದೆ ಈ ಎರಡನೆಯ ಲೆಕ್ಕ.

2005ರಲ್ಲಿ ತಂಡದ ಜನರಲ್ ಮ್ಯಾನೇಜರ್ ಟೆಡ್ ಥಾಮ್ಸನ್ ಮಾಡಿದ್ದು ಇದನ್ನೇ. ಫಾವ್ರ್‌ಗೆ ಆಗ 35 ವರ್ಷ. ರಾಡ್ಜರ್ಸ್ ಮೂರು ವರ್ಷ ಬೆಂಚಿನಲ್ಲಿ ಕುಳಿತು ಕಲಿತ. 2008ರ ಮಾರ್ಚ್‌ನಲ್ಲಿ ಫಾವ್ರ್ ನಿವೃತ್ತಿ ಘೋಷಿಸಿ, ಬೇಸಿಗೆಯಲ್ಲಿ ಮನಸ್ಸು ಬದಲಿಸಿ ಹಿಂದಿರುಗಿ ಬಂದಾಗ ಊರು ಎರಡು ಪಾಲಾಯಿತು. ತಂಡ ಗಟ್ಟಿಯಾಗಿ ನಿಂತು ಫಾವ್ರ್‌ನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿತು. 2011ರ ಫೆಬ್ರವರಿ 6ರಂದು ರಾಡ್ಜರ್ಸ್ ನೇತೃತ್ವದ ಪ್ಯಾಕರ್ಸ್, ಪಿಟ್ಸ್‌ಬರ್ಗ್ ತಂಡವನ್ನು 31–25ರಿಂದ ಸೋಲಿಸಿ ಚಾಂಪಿಯನ್ ಆಯಿತು. ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೆ ನಾಲ್ಕು ಬಾರಿ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಸುಲಭವಾಗಿ ನೀತಿ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಸರಿಯಾಗಿ ಹದಿನೈದು ವರ್ಷಗಳ ಬಳಿಕ, 2020ರ ಏಪ್ರಿಲ್ 23ರಂದು, ಅದೇ ಪ್ರಶ್ನೆ ಮತ್ತೆ ಬಂತು. ಈಗ 36 ವರ್ಷದ ಹಿರಿಯ ರಾಡ್ಜರ್ಸ್. ಹಿಂದಿನ ಋತುವಿನಲ್ಲಿ ತಂಡ 16ರಲ್ಲಿ 13 ಪಂದ್ಯ ಗೆದ್ದು ಅಂತಿಮ ಪಂದ್ಯಕ್ಕೆ ಒಂದೇ ಹೆಜ್ಜೆ ದೂರದಲ್ಲಿ ಸೋತಿತ್ತು. ದಾವಾಂಟೆ ಆಡಮ್ಸ್ ಒಬ್ಬನನ್ನು ಬಿಟ್ಟರೆ ಚೆಂಡು ಹಿಡಿಯುವ ನೆಚ್ಚಿನ ಕೈಗಳಿಲ್ಲ. ಒಬ್ಬ ವೈಡ್ ರಿಸೀವರ್ ಬೇಕೆಂದು ಊರೆಲ್ಲ ಕೇಳುತ್ತಿತ್ತು. ಜನರಲ್ ಮ್ಯಾನೇಜರ್ ಬ್ರಯನ್ ಗುಟೆಕುನ್ಸ್ಟ್ ತಮ್ಮ 30ನೆಯ ಸರದಿಯ ಜೊತೆಗೆ ನಾಲ್ಕನೇ ಸುತ್ತಿನ ಒಂದು ಸರದಿಯನ್ನೂ ಮಯಾಮಿ ತಂಡಕ್ಕೆ ಕೊಟ್ಟು 26ನೆಯ ಸ್ಥಾನಕ್ಕೆ ಏರಿದರು. ಏರಿ ಆರಿಸಿದ್ದು ಜೋರ್ಡನ್ ಲವ್ ಎಂಬ 21 ವರ್ಷದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು! ಆ ವರ್ಷ ಏಳೂ ಸುತ್ತುಗಳಲ್ಲಿ ತಂಡ ಒಬ್ಬ ವೈಡ್ ರಿಸೀವರನ್ನೂ ಆರಿಸಲಿಲ್ಲ.

ಜನ ಸಿಟ್ಟಾದರು. ಅವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. 2021ರ ಜನವರಿಯಲ್ಲಿ ತಂಡ ಮತ್ತೆ ಅದೇ ಹಂತಕ್ಕೆ ಬಂದು ಟ್ಯಾಂಪಾ ಬೇ ಎದುರು 31–26ರಿಂದ ಸೋತಿತು. ಇನ್ನೊಂದು ಒಳ್ಳೆಯ ಕೈ ಇದ್ದಿದ್ದರೆ ಗೆಲ್ಲುತ್ತಿತ್ತೇ? ಆ ದಿನ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಆಯ್ಕೆಯಾದವನು ಎಂಬುದನ್ನು ನೆನೆದರೆ, ಅಂಕದ ಕೋಷ್ಟಕಗಳನ್ನು ಎಷ್ಟು ನಂಬಬೇಕೆಂಬ ಸಂಶಯವೂ ಬರುತ್ತದೆ.

ಗುಟೆಕುನ್ಸ್ಟ್ ಅವರ ಕಡೆಯಿಂದಲೂ ನೋಡೋಣ. ಒಂದನೆಯದಾಗಿ, ಒಳ್ಳೆಯ ವೈಡ್ ರಿಸೀವರ್‌ಗಳು ತಡವಾಗಿಯೂ ಸಿಗುತ್ತಾರೆ. ಪ್ಯಾಕರ್ಸ್‌ನ ಗ್ರೆಗ್ ಜೆನಿಂಗ್ಸ್, ಜೋರ್ಡಿ ನೆಲ್ಸನ್, ರ್ಯಾಂಡಲ್ ಕಾಬ್, ಸ್ವತಃ ದಾವಾಂಟೆ ಆಡಮ್ಸ್ ಎಲ್ಲರೂ ಎರಡನೇ ಸುತ್ತಿನವರು. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹಾಗೆ ಸಿಗುವುದು ಅಪರೂಪ. ಬ್ರೇಡಿಯ ಕಥೆಯನ್ನು ಎಲ್ಲರೂ ಹೇಳುವುದೇ ಅದು ಅಪರೂಪವಾದ್ದರಿಂದ. ಎರಡನೆಯದಾಗಿ, ತಂಡಗಳು ಸಂಬಳಕ್ಕೆ ಎಷ್ಟು ಖರ್ಚು ಮಾಡಬಹುದೆಂಬುದಕ್ಕೆ 1994ರಿಂದ ಲೀಗ್ ಮಿತಿ ಹಾಕಿದೆ. 2025ರಲ್ಲಿ ಅದು ಒಂದು ತಂಡಕ್ಕೆ 27.92 ಕೋಟಿ ಡಾಲರ್. ಹಿರಿಯ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತಾನೆ. ಡ್ರಾಫ್ಟ್‌ನಲ್ಲಿ ಬಂದವನಿಗೆ ಮೊದಲ ನಾಲ್ಕು ವರ್ಷ ನಿಗದಿತ, ಕಡಿಮೆ ಸಂಬಳ. ಉಳಿದ ಹಣದಲ್ಲಿ ಬೇರೆ ಸ್ಥಾನಗಳನ್ನು ಭದ್ರಪಡಿಸಬಹುದು.

ಮುಂದೆ ಏನಾಯಿತು? ತನ್ನ ಉತ್ತರಾಧಿಕಾರಿ ಬಂದ ವರ್ಷವೂ, ಅದರ ಮರುವರ್ಷವೂ ರಾಡ್ಜರ್ಸ್ ಶ್ರೇಷ್ಠ ಆಟಗಾರನಾದ. ಲವ್ ಬೆಂಚಿನಲ್ಲೇ ಕುಳಿತ. 2023ರ ಏಪ್ರಿಲ್‌ನಲ್ಲಿ ರಾಡ್ಜರ್ಸ್ ಕೂಡ, ಹಿಂದೆ ಫಾವ್ರ್ ಹೋದಂತೆ, ಅದೇ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ. ಆ ವಿನಿಮಯದಲ್ಲಿ ಒಂದು ಷರತ್ತಿತ್ತು: ಅವನು ಆ ಋತುವಿನಲ್ಲಿ ತಂಡದ ಶೇ. 65ರಷ್ಟು ಆಟ ಆಡಿದರೆ ಪ್ಯಾಕರ್ಸ್‌ಗೆ 2024ರ ಮೊದಲ ಸುತ್ತಿನ ಸರದಿ, ಇಲ್ಲವಾದರೆ ಎರಡನೇ ಸುತ್ತಿನದು. ಮೊದಲ ಪಂದ್ಯದ ಆರಂಭದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಅವನ ಋತು ಮುಗಿಯಿತು. ಒಬ್ಬನ ಕಾಲಿನ ಪೆಟ್ಟು ಎರಡು ಊರುಗಳ ಲೆಕ್ಕವನ್ನು ಬದಲಿಸಿತು. ಇತ್ತ ಲವ್ ನೇತೃತ್ವದಲ್ಲಿ ಪ್ಯಾಕರ್ಸ್ 2024ರ ಜನವರಿಯಲ್ಲಿ ಡಲ್ಲಾಸ್ ತಂಡವನ್ನು 48–32ರಿಂದ ಮಣಿಸಿತು. ಆದರೆ 2011ರ ಬಳಿಕ 2025ರವರೆಗೂ ಅಂತಿಮ ಪಂದ್ಯ ಆ ತಂಡದ ಕೈಗೆ ಎಟುಕಲಿಲ್ಲ.

ಹಾಗಾದರೆ 2020ರ ತೀರ್ಮಾನ ಸರಿಯೋ ತಪ್ಪೋ? ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಎರಡು ಪ್ರನಾಳಗಳನ್ನು ಇಡುತ್ತಿದ್ದೆವು. ಒಂದಕ್ಕೆ ದ್ರಾವಣ ಹಾಕಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸುತ್ತಿದ್ದೆವು. ತಂಡ ಕಟ್ಟುವವರಿಗೆ ಆ ಎರಡನೆಯ ಪ್ರನಾಳ ಇಲ್ಲ. ವೈಡ್ ರಿಸೀವರನ್ನು ಆರಿಸಿದ 2020 ಎಂಬುದು ನಡೆಯಲೇ ಇಲ್ಲ. ಆದ್ದರಿಂದ ಫಲ ನೋಡಿ ತೀರ್ಪು ಕೊಡುವುದಕ್ಕಿಂತ, ಆ ದಿನ ಗೊತ್ತಿದ್ದ ಸಂಗತಿಗಳಿಂದ ಆ ತೀರ್ಮಾನ ವಿವೇಕದ್ದಾಗಿತ್ತೇ ಎಂದು ಕೇಳುವುದೇ ನ್ಯಾಯ. ನನ್ನ ಮಟ್ಟಿಗೆ ಹೇಳುವುದಾದರೆ, ಅದು ವಿವೇಕದ ತೀರ್ಮಾನವೇ. ಅದಕ್ಕಾಗಿ ತೆತ್ತ ಬೆಲೆಯೂ ನಿಜವೇ. ನಾಳೆಗೆಂದು ಎತ್ತಿಟ್ಟದ್ದು ಇಂದಿನ ಊಟದಿಂದ ತೆಗೆದದ್ದೇ ಆಗಿರುತ್ತದೆ.

2025ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ಗ್ರೀನ್ ಬೇ ಊರಿನಲ್ಲೇ ನಡೆಯಿತು. ಮೊದಲ ಸುತ್ತಿನ 23ನೆಯ ಸರದಿಯಲ್ಲಿ ತಂಡ ಮ್ಯಾಥ್ಯೂ ಗೋಲ್ಡನ್ ಎಂಬ ವೈಡ್ ರಿಸೀವರನ್ನು ಆರಿಸಿತು. ಮೊದಲ ಸುತ್ತಿನಲ್ಲಿ ಆ ಸ್ಥಾನದ ಆಟಗಾರನನ್ನು ಅವರು ಆರಿಸಿದ್ದು 2002ರ ಬಳಿಕ ಅದೇ ಮೊದಲು. ಸೇರಿದ್ದ ಜನಸ್ತೋಮದ ಹರ್ಷೋದ್ಗಾರವನ್ನು ನೀವೇ ಊಹಿಸಿಕೊಳ್ಳಿ.

ಮುಂದೊಮ್ಮೆ ನಿಮ್ಮ ಟೆಲಿವಿಷನ್ ಪರದೆಯ ಮೇಲೆ ಇಂಥ ಆಯ್ಕೆ ಕಂಡರೆ, ಅದು ಯಾವ ಆಟದ್ದೇ ಆಗಿರಲಿ, ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕೊರತೆ ಇಂದಿನದೋ, ಮೂರು ವರ್ಷದ ಮುಂದಿನದೋ? ಇದೇ ಗುಣದ ಆಟಗಾರ ಇನ್ನೂ ಅಗ್ಗವಾಗಿ ಸಿಗುತ್ತಾನೆಯೇ? ಇವನಿಗಾಗಿ ಬಿಟ್ಟುಕೊಟ್ಟದ್ದು ಏನು? ಉತ್ತರ ಹೊಳೆದರೆ ಕೋಣೆಯೊಳಗೆ ಕಾದು ಕುಳಿತ ಆ ಯುವಕನ ಮುಖವೂ, ಅವನಿಗೆ ಜಾಗ ಬಿಟ್ಟುಕೊಡಬೇಕಾದ ಹಿರಿಯನ ಮುಖವೂ ನಿಮಗೆ ಒಟ್ಟಿಗೇ ಕಾಣುತ್ತವೆ.