ಬೆಚ್ಚಗಿನ ಎಣ್ಣೆ, ಅವಸರವಿಲ್ಲದ ಕೈ

ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಂಥ ಊರುಗಳಲ್ಲಿ ದೀಪಾವಳಿ ಮೊದಲು ಕಾಲಿಡುವುದು ಬಚ್ಚಲುಮನೆಗೆ. ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ ನೀರು ತುಂಬಿಡುತ್ತಾರೆ. ನರಕ ಚತುರ್ದಶಿಯ ನಸುಕಿಗೆ ಮನೆಯ ಹಿರಿಯಾಕೆ ಹರಳೆಣ್ಣೆ ಬಟ್ಟಲು ಹಿಡಿದು ಕೂರುತ್ತಾಳೆ. ನೆತ್ತಿಗೆ ತಟ್ಟುವುದು, ಕಿವಿಯ ಹಿಂದೆ ಸವರುವುದು, ಅಂಗಾಲಿಗೆ ಉಜ್ಜುವುದು. ಆಮೇಲೆ ಸೀಗೆಪುಡಿ, ಹಂಡೆಯ ಬಿಸಿನೀರು. ಊಟವಾದರೆ ಸಾಕು, ನಿದ್ದೆ ತಾನಾಗಿ ಬರುತ್ತದೆ.

ಈ ಅಭ್ಯಂಜನವೇ ಆಯುರ್ವೇದದ ಅಭ್ಯಂಗದ ಒಡಹುಟ್ಟು. ವಾಗ್ಭಟನ ಅಷ್ಟಾಂಗಹೃದಯ, ದಿನಚರಿಯ ಅಧ್ಯಾಯದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಲು ಹೇಳುತ್ತದೆ. ಅಜ್ಜಿಯ ಕೈ ಹೋಗುವುದೂ ಅಲ್ಲಿಗೇ.

ಶಾಸ್ತ್ರವಾಗಿ ಕಲಿಯುವವರಿಗೆ ಮೈಸೂರು ಹತ್ತಿರ. ಅಲ್ಲಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಷ್ಟು ಹಳೆಯದು. ಈ ಸೀಮೆಗೆ ಇನ್ನೊಂದು ಪರಂಪರೆಯೂ ಇದೆ. ಒಡೆಯರ ಆಶ್ರಯದ ಜಟ್ಟಿಗಳು ದಸರೆಯ ವಜ್ರಮುಷ್ಟಿ ಕಾಳಗಕ್ಕೆ ಹೆಸರಾದವರು; ಮೂಳೆ ಕೂಡಿಸುವುದು, ಅಂಗಮರ್ದನವೂ ಅವರ ವಿದ್ಯೆಯೇ. ಆದರೆ ಗರಡಿಯ ಮಾಲೀಸಿಗೂ ಅಭ್ಯಂಗಕ್ಕೂ ಅಂತರವಿದೆ. ಪೈಲ್ವಾನನ ಮೈಗೆ ಬೇಕಾದದ್ದು ಒತ್ತಡ. ದಣಿದು ಬಂದವನಿಗೆ ಬೇಕಾದದ್ದು ಬಿಸುಪು, ಒಂದೇ ಲಯ.

ಎಣ್ಣೆಯನ್ನು ನೇರ ಒಲೆಗೆ ಇಡುವುದಿಲ್ಲ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ಹಚ್ಚುವವರು ಮೊದಲು ತಮ್ಮ ಮುಂಗೈಗೆ ಬಿಟ್ಟು ನೋಡಬೇಕು. ಕೈಕಾಲಿಗೆ ಉದ್ದುದ್ದ ಎಳೆತ, ಮಂಡಿ, ಮೊಣಕೈ, ಭುಜದ ಕೀಲಿಗೆ ದುಂಡಗಿನ ಸುತ್ತು, ಹೊಟ್ಟೆಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಹಗುರ ಸವರಿಕೆ. ಇಬ್ಬರು ಎರಡೂ ಬದಿ ನಿಂತು ಮಾಡುವುದಾದರೆ ನಾಲ್ಕು ಕೈಗಳೂ ಒಟ್ಟಿಗೆ ಚಲಿಸಬೇಕು. ಒಂದು ಕೈ ತಡವರಿಸಿದರೂ ಮಲಗಿದವರ ಮೈ ಎಚ್ಚರವಾಗುತ್ತದೆ. ಮುಕ್ಕಾಲು ಗಂಟೆಯ ಈ ಕೆಲಸದಲ್ಲಿ ಎಣ್ಣೆ ಆರುತ್ತಲೇ ಇರುತ್ತದೆ, ಮತ್ತೆ ಮತ್ತೆ ಬೆಚ್ಚಗಾಗಿಸಲೇಬೇಕು. ಆರಿದ ಎಣ್ಣೆ ಬಿದ್ದ ಬೆನ್ನು ಸೆಟೆದುಕೊಳ್ಳುತ್ತದೆ, ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಹಚ್ಚುವುದು ವಾಡಿಕೆ.

ಶಿರೋಧಾರೆಯಲ್ಲಿ ಕೈಗೆ ಬಿಡುವು. ನಾಲ್ಕು ಬೆರಳಷ್ಟು ಎತ್ತರದಲ್ಲಿ ತೂಗುಬಿಟ್ಟ ಪಾತ್ರೆಯ ಬತ್ತಿಯಿಂದ ಹಣೆಗೆ ಎಣ್ಣೆ ಎಳೆಯಾಗಿ ಇಳಿಯುತ್ತದೆ. ಕಣ್ಣಿಗೆ ಹತ್ತಿಯ ತಡೆ ಇರಬೇಕು.

ಹೆಚ್ಚಾಗಿ ಬಳಸುವುದು ಎಳ್ಳೆಣ್ಣೆ. ಔಷಧಿಯ ತೈಲಕ್ಕಾದರೆ 1 ಪಾಲು ಕಲ್ಕ, ಅಂದರೆ ಅರೆದ ಮೂಲಿಕೆಯ ಮುದ್ದೆ, 4 ಪಾಲು ಎಣ್ಣೆ, 16 ಪಾಲು ಕಷಾಯ ಸೇರಿಸಿ ಕಾಯಿಸುತ್ತಾರೆ. ಕಲ್ಕವನ್ನು ಬತ್ತಿಯಂತೆ ಹೊಸೆಯಲು ಬಂದರೆ, ಬೆಂಕಿಗೆ ಹಾಕಿದಾಗ ಚಟಪಟ ಎನ್ನದಿದ್ದರೆ ಪಾಕ ಬಂತೆಂದು ಲೆಕ್ಕ. ನಾಗಮಂಗಲದ ಕಡೆಯ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಬೆಳೆದುಕೊಂಡ ಮನೆಗಳ ಪಾಕ ಬೇರೆ: ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ಮತ್ತೆ ಕಾಯಿಸಿದರೆ ಹರಳೆಣ್ಣೆ.

ಯಾರಿಗೆ ಹಚ್ಚಬಾರದು ಎಂಬುದನ್ನು ತಿಳಿದವರೇ ಕೆಲಸ ಬಲ್ಲವರು. ಜ್ವರ, ಅಜೀರ್ಣ, ತೀರಾ ಕಟ್ಟಿದ ಕಫ ಇದ್ದಾಗ ಶಾಸ್ತ್ರವೇ ಬೇಡವೆನ್ನುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು, ಹಸಿ ಗಾಯ ಇದ್ದರೆ ಉಜ್ಜುವುದು ಅಪಾಯ. ಬಸುರಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಬಾಣಂತಿಯ ಮನೆಗೆ ಎಣ್ಣೆನೀರು ಎರೆಯಲು ಬರುವ ಅಜ್ಜಿಯರು ಮಣೆಯ ಮೇಲೆ ಕಾಲು ಚಾಚಿ ಕೂತು, ಆ ಕಾಲುಗಳ ಮೇಲೆಯೇ ಕೂಸನ್ನು ಮಲಗಿಸಿಕೊಳ್ಳುತ್ತಾರೆ. ಕಿವಿ, ಮೂಗಿಗೆ ಎಣ್ಣೆ ಬಿಡಬೇಡಿ ಎನ್ನುವ ಮಕ್ಕಳ ವೈದ್ಯರ ಮಾತು ಕೇಳಲೇಬೇಕಾದದ್ದು. ಉಳಿದಂತೆ ಅದೇ ಬೆಚ್ಚನೆ, ಅದೇ ನಿಧಾನ. ಮೊದಲು ಚೀರಿ ಅತ್ತ ಕೂಸು ತೊಟ್ಟಿಲು ಸೇರುವ ಹೊತ್ತಿಗೆ ಕಣ್ಣು ಮುಚ್ಚಿರುತ್ತದೆ.